ಏಲಕ್ಕಿ ಮಲೆಯ ಅರಿಶಿನ ಪತಂಗ

ನಮ್ಮ ಕಾವ್ಯಪ್ರಪಂಚದಲ್ಲಿ ಪತಂಗಕ್ಕೆ ದೊರೆತಿರುವ ಪಾತ್ರ ಹೆಚ್ಚಾಗಿ ಒಂದೇ: ದೀಪಕ್ಕೆ ಬಿದ್ದು ಸಾಯುವುದು. ಪ್ರಣಯಿಯ ಆತ್ಮಾರ್ಪಣೆಗೂ ಅದೇ ಉಪಮಾನ, ಅವಿವೇಕಿಯ ಸರ್ವನಾಶಕ್ಕೂ ಅದೇ ಉಪಮಾನ. ಆ ಪತಂಗದ ಬಣ್ಣವೇನು, ಅದು ಯಾವ ಗಿಡದಿಂದ ಎದ್ದು ಬಂದಿತು, ಯಾವ ತಿಂಗಳಲ್ಲಿ ಹುಟ್ಟಿತು, ದೀಪ ಹಚ್ಚುವ ಮುನ್ನ ಏನು ಮಾಡುತ್ತಿತ್ತು ಎಂದು ಕವಿ ಕೇಳಿದ್ದು ವಿರಳ. ಉಪಮೆಗೆ ಅಷ್ಟು ವಿವರ ಬೇಕಾಗುವುದಿಲ್ಲ. ಕಾವ್ಯದಿಂದ ಈಚೆಗೆ ಬಂದು ಬೇಸಾಯದ ಕೈಪಿಡಿಯನ್ನು ತೆರೆದರೆ ಅಲ್ಲಿಯೂ ಅದಕ್ಕೆ ಒಂದೇ ಪಾತ್ರ: ಬೆಳೆಯನ್ನು ಕೆಡಿಸುವುದು. ಅಲ್ಲಿ ಅದರ ಹೆಸರಿನ ಪಕ್ಕದಲ್ಲಿಯೇ ಔಷಧದ ಹೆಸರು, ನೀರಿನ ಪ್ರಮಾಣ, ಸಿಂಪಡಿಸುವ ತಿಂಗಳು. ಒಂದು ಕಡೆ ರೂಪಕ, ಇನ್ನೊಂದು ಕಡೆ ಪೀಡೆ. ಈ ಎರಡರ ನಡುವೆ ಹಾರಾಡುವ ಜೀವಿಯನ್ನು ನಾವು ಕಣ್ಣಿಟ್ಟು ನೋಡಿದ್ದೇವೆಯೆ? ನೋಡದೆ ಹೋದದ್ದರಿಂದ ನಮಗೇನಾದರೂ ನಷ್ಟವಾಗಿದೆಯೆ? ಆಗಿದೆ ಎಂಬುದು ನನ್ನ ಅಭಿಪ್ರಾಯ. ಕೊಡಗಿನ ಒಂದು ಸಣ್ಣ ಪತಂಗದ ನೆವದಿಂದ ಅದನ್ನು ಹೇಳಬಯಸುತ್ತೇನೆ. ಆ ನಷ್ಟದಲ್ಲಿ ನನ್ನದೂ ಒಂದು ಪಾಲಿರುವುದರಿಂದ, ಉಪದೇಶಕ್ಕಿಂತ ತಪ್ಪೊಪ್ಪಿಗೆಯೇ ಇದರಲ್ಲಿ ಹೆಚ್ಚಾಗಿ ಕಂಡರೆ ವಾಚಕರು ಕ್ಷಮಿಸಬೇಕು.

ಕೆಲವು ವರ್ಷಗಳ ಹಿಂದೆ, ಕಾವೇರಿ ಸಂಕ್ರಮಣ ಕಳೆದು ಎರಡು ಮೂರು ದಿನಗಳಾಗಿದ್ದಾಗ, ಮಡಿಕೇರಿಯಿಂದ ಪಶ್ಚಿಮಕ್ಕೆ ಘಟ್ಟದ ಅಂಚಿನಲ್ಲಿರುವ ಹಳೆಯ ಗೆಳೆಯರೊಬ್ಬರ ಮನೆಯಲ್ಲಿ ತಂಗಿದ್ದೆ. ಅವರದು ಹೆಚ್ಚಿನ ಭಾಗ ಕಾಫಿ. ಕೆಳಗಿನ ತಂಪು ಕಣಿವೆಯಲ್ಲಿ ಎರಡು ಮೂರು ಎಕರೆಯಷ್ಟು ಏಲಕ್ಕಿ. ಮಳೆ ಹಿಂದೆಗೆದಿತ್ತು, ಆದರೂ ಸಂಜೆಯಾಗುತ್ತಲೇ ಮಂಜು ಅಂಗಳದವರೆಗೂ ಏರಿ ಬರುತ್ತಿತ್ತು. ಜಗುಲಿಯ ದೀಪದ ಕೆಳಗೆ, ಸುಣ್ಣ ಬಳಿದ ಗೋಡೆಯ ಮೇಲೆ, ಹಲವು ಬಗೆಯ ಹುಳುಗಳು ಬಂದು ಕುಳಿತಿದ್ದುವು. ಅವುಗಳ ನಡುವೆ ಒಂದು ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿತು. ರೆಕ್ಕೆ ಬಿಚ್ಚಿದರೆ ಒಂದು ಅಂಗುಲಕ್ಕೆ ಹೆಚ್ಚಿರದು. ಅಪ್ಪಟ ಅರಿಶಿನದ ಬಣ್ಣ. ಆ ಅರಿಶಿನದ ಮೇಲೆ ಕಾಡಿಗೆಯಲ್ಲಿ ಬೆರಳಿನ ತುದಿ ಅದ್ದಿ ಎಣಿಸಿ ಇಟ್ಟಂತೆ ಕಪ್ಪು ಬೊಟ್ಟುಗಳು. ರೆಕ್ಕೆಯ ಮೇಲೂ ಬೊಟ್ಟು, ಸಣಕಲು ಮೈಯ ಮೇಲೂ ಬೊಟ್ಟು. ಹಸೆಮಣೆಗೆ ಸಿದ್ಧವಾದ ಮಗುವಿನ ಹಾಗಿತ್ತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಗೆಳೆಯರು ಕೈಯಲ್ಲಿದ್ದ ಪತ್ರಿಕೆಯನ್ನು ಸುರುಳಿ ಸುತ್ತಿ ಎದ್ದರು. "ಮೇಷ್ಟ್ರೇ, ಸ್ವಲ್ಪ ಸರಿಯಿರಿ. ಅದು ಕೊರಕ. ನಮ್ಮ ಏಲಕ್ಕಿಯ ಸುಳಿ ಒಣಗಿಸುವ ಪಾಪಿ ಅದೇ," ಎಂದರು. ಅವರ ತಂಗಿಯ ಮಗ, ಕೃಷಿಶಾಸ್ತ್ರದ ಪದವೀಧರ, ಅಲ್ಲಿಯೇ ಕುಳಿತಿದ್ದ. "ಮಾವ, ಒಂದು ನಿಮಿಷ ತಡೀರಿ," ಎಂದು ಹತ್ತಿರ ಹೋಗಿ ಗೋಡೆಗೆ ಮುಖವಿಟ್ಟು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: "ಹೊರಗಿನಿಂದ ನೋಡಿ ಖಂಡಿತವಾಗಿ ಹೇಳುವುದು ಕಷ್ಟ, ಸರ್. ಹರಳಿನಲ್ಲಿ ಬರುವುದೂ ಏಲಕ್ಕಿಯಲ್ಲಿ ಬರುವುದೂ ನೋಡುವುದಕ್ಕೆ ಒಂದೇ ಥರ. ಆದರೆ ಅವೆರಡೂ ಒಂದೇ ಅಲ್ಲವಂತೆ. ಏಲಕ್ಕಿಯದು ಬೇರೆಯೇ ಒಂದು ಪ್ರಭೇದ ಎಂದು 2018ರಲ್ಲಿ ತೀರ್ಮಾನವಾಯಿತು."

ಆ ಮಾತು ಅವನಿಗೆ ಒಂದು ಶಾಸ್ತ್ರೀಯ ಸಮಾಚಾರ. ನನಗೆ ಹಾಗಾಗಲಿಲ್ಲ. ಬಹಳ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಂತಿತು.

ನಾನು ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದ ದಿನಗಳವು. ಬೆಳೆಗಳ ಶತ್ರುಗಳನ್ನು ಕುರಿತ ಪಾಠ. ಹರಳಿನ ಕಾಯಿ ಕೊರೆಯುವ ಹುಳು, ಏಲಕ್ಕಿಯ ಕಾಂಡ ಕೊರೆಯುವ ಹುಳು, ಶುಂಠಿ, ಅರಿಶಿನ, ಸೀಬೆಗಳಿಗೂ ಬರುವ ಹುಳು, ಎಲ್ಲವೂ ಒಂದೇ ಎಂದು ಕರಿಹಲಗೆಯ ಮೇಲೆ ಬರೆದೆ. ತೋಟದ ಲೈನ್ ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮ ಲೈನಿನ ಹಿಂದೆ ಹರಳುಗಿಡ ಉಂಟು. ಅದರ ಕಾಯಿ ತುಂಬ ಹುಳ. ಅದರ ಪಕ್ಕದಲ್ಲೇ ನಾಲ್ಕು ಬುಡ ಏಲಕ್ಕಿ ಉಂಟು. ಅದಕ್ಕೆ ಒಂದು ಹುಳವೂ ಬರಲಿಲ್ಲ. ಒಂದೇ ಹುಳ ಆದರೆ ಯಾಕೆ ಬರುವುದಿಲ್ಲ?" ಎಂದು ಕೇಳಿದಳು. ನಾನೇನು ಹೇಳಿದೆ? "ಪುಸ್ತಕದಲ್ಲಿ ಒಂದೇ ಎಂದಿದೆ. ಕುಳಿತುಕೋ," ಎಂದೆ. ತರಗತಿ ನಕ್ಕಿತು. ಆಕೆ ಕುಳಿತಳು. ಆ ವರ್ಷ ಆಕೆ ಮತ್ತೆ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಆಕೆಯ ಒಂದು ಗಿಡದ ಅನುಭವದಿಂದಲೇ ಪ್ರಭೇದದ ಪ್ರಶ್ನೆ ಇತ್ಯರ್ಥವಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಏಲಕ್ಕಿಗೆ ಹುಳು ಬಾರದಿರುವುದಕ್ಕೆ ಬೇರೆ ನೂರು ಕಾರಣಗಳಿದ್ದೀತು. ಆದರೆ ಪ್ರಶ್ನೆ ಸರಿಯಾದ ಸ್ಥಳದಲ್ಲಿಯೇ ಎದ್ದಿತ್ತು. ಶಾಸ್ತ್ರಜ್ಞರು ತಮ್ಮ ಪ್ರಯೋಗಶಾಲೆಗಳಲ್ಲಿ ಕೇಳಿಕೊಂಡದ್ದೂ ಅದೇ ಪ್ರಶ್ನೆಯನ್ನು: ಹರಳನ್ನು ತಿನ್ನುವುದು ಏಲಕ್ಕಿಯನ್ನು ತಿನ್ನುವುದೇ? ಅವರು ಉತ್ತರಕ್ಕಾಗಿ ಹುಡುಕಿದರು. ನಾನು ಪ್ರಶ್ನೆಯನ್ನು ಕೂರಿಸಿದೆ.

ಈ ಪತಂಗದ ಹೆಸರಿನ ಚರಿತ್ರೆ ಸ್ವಾರಸ್ಯವಾದದ್ದು. 1854ರಲ್ಲಿ ಫ್ರಾನ್ಸಿನ ಅಶಿಲ್ ಗೆನೆ ಎಂಬ ವಕೀಲ, ಕೀಟಶಾಸ್ತ್ರದಲ್ಲಿಯೂ ಪ್ರಸಿದ್ಧನಾದವನು, ಅರಿಶಿನ ಬಣ್ಣದ ಈ ಬಗೆಯ ಪತಂಗಕ್ಕೆ ಪಂಕ್ಟಿಫೆರಾಲಿಸ್ ಎಂದು ಹೆಸರಿಟ್ಟ. ಚುಕ್ಕೆಗಳನ್ನು ಹೊತ್ತದ್ದು ಎಂಬುದು ಅದರ ಭಾವ. ಹಿಂದೆ ನೀಲಗಿರಿಯಲ್ಲಿ ತೋಟಗಾರನಾಗಿದ್ದ ಹ್ಯಾಂಪ್ಸನ್ 1892ರಿಂದ 1896ರವರೆಗೆ ಬ್ರಿಟಿಷ್ ಭಾರತದ ಪತಂಗಗಳನ್ನು ಕುರಿತು ನಾಲ್ಕು ಸಂಪುಟಗಳನ್ನು ಹೊರತಂದ. 1914ರಲ್ಲಿ ಫ್ಲೆಚರನು ದಕ್ಷಿಣ ಭಾರತದ ಕೀಟಗಳನ್ನು ಬೇಸಾಯದ ದೃಷ್ಟಿಯಿಂದ ವರ್ಣಿಸಿದ ಹೊತ್ತಗೆಯಲ್ಲಿ ಇದು ಹರಳಿನ ಶತ್ರುವಾಗಿ ಕಾಣಿಸಿಕೊಂಡಿತು. ಮೊದಲು ಡೈಕೋಕ್ರೋಸಿಸ್ ಎಂಬ ಕುಲದಲ್ಲಿಯೂ ಆಮೇಲೆ ಕೊನೊಗೆಥಿಸ್ ಎಂಬ ಕುಲದಲ್ಲಿಯೂ ಇಟ್ಟು, ಆಸ್ಟ್ರೇಲಿಯದ ಪೀಚ್ ಹಣ್ಣಿನಿಂದ ನಮ್ಮ ಏಲಕ್ಕಿಯವರೆಗೆ ಎಲ್ಲವನ್ನೂ ಕೊರೆಯುವ ಒಂದೇ ಪತಂಗವೆಂದು ನಮ್ಮ ಪಠ್ಯಪುಸ್ತಕಗಳು ಬರೆದುಕೊಂಡು ಬಂದುವು. ಅಷ್ಟೊಂದು ಬಗೆಯ ಗಿಡಗಳು ಒಂದೇ ಹುಳುವಿಗೆ ಹೇಗೆ ಒಗ್ಗುತ್ತವೆ ಎಂಬ ಸಂಶಯ ಕೆಲವರಿಗೆ ಬಂದಿತು. ಬೆಂಗಳೂರಿನಲ್ಲಿಯೂ ಮಲೆನಾಡಿನಲ್ಲಿಯೂ ಬಹುಕಾಲ ಈ ಹುಳುವಿನ ಬೆನ್ನು ಹತ್ತಿದ ಎ.ಕೆ. ಚಕ್ರವರ್ತಿಯವರು, ಪಿ.ಆರ್. ಶಶಾಂಕ, ವಾಸುದೇವ ಕಮ್ಮಾರ, ರಿಚರ್ಡ್ ಮಾಲಿ ಎಂಬ ವಿದ್ವಾಂಸರೊಡನೆ ಸೇರಿ, ದೇಹರಚನೆಯನ್ನೂ ಅನುವಂಶಿಕ ದ್ರವ್ಯವನ್ನೂ ಹೋಲಿಸಿ ನೋಡಿ, ಏಲಕ್ಕಿಯನ್ನು ತಿನ್ನುವುದು ಬೇರೆಯೇ ಪ್ರಭೇದವೆಂದು 2018ರಲ್ಲಿ ಪ್ರಕಟಿಸಿದರು. ಅದಕ್ಕೆ ಅವರು ಕೊಟ್ಟ ಹೆಸರು ಕೊನೊಗೆಥಿಸ್ ಸಹ್ಯಾದ್ರಿಯೆನ್ಸಿಸ್, ಸಹ್ಯಾದ್ರಿಯದು.

ಈ ಮೂರು ಹೆಸರುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬೇಕು. ಫ್ರಾನ್ಸಿನವನು ರೆಕ್ಕೆಯನ್ನು ನೋಡಿ ಹೆಸರಿಟ್ಟ: ಚುಕ್ಕೆ ಹೊತ್ತದ್ದು. ಈಚಿನ ಶಾಸ್ತ್ರಜ್ಞರು ಬೆಟ್ಟವನ್ನು ನೋಡಿ ಹೆಸರಿಟ್ಟರು: ಸಹ್ಯಾದ್ರಿಯದು. ಅದರ ನಡುವೆಯೇ ಬಾಳುತ್ತಿರುವ ನಾವು ಗಾಯವನ್ನು ನೋಡಿ ಹೆಸರಿಟ್ಟೆವು: ಕೊರಕ. ಗಾಯ ಸುಳ್ಳಲ್ಲ, ಹೆಸರೂ ಸುಳ್ಳಲ್ಲ. ಆದರೆ ಗಾಯದಿಂದ ಹುಟ್ಟಿದ ಹೆಸರು ಗಾಯವಾದ ಮೇಲೆಯೇ ನೆನಪಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ಹೇಗೆಂಬುದನ್ನು ತಿಳಿಯಬೇಕಾದರೆ ಈ ಪತಂಗದ ವರ್ಷವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕೊಡಗಿನ ಏಲಕ್ಕಿ ಮೂಲತಃ ಕಾಡಿನ ಕೂಸು. ಘಟ್ಟದ ಪಶ್ಚಿಮದ ಇಳಿಜಾರಿನಲ್ಲಿ ದೊಡ್ಡ ಮರವೊಂದನ್ನು ಕೆಡವಿ ನೆಲಕ್ಕೆ ಬೆಳಕು ಬೀಳುವಂತೆ ಮಾಡಿದರೆ, ಮಣ್ಣಿನಲ್ಲಿ ಮಲಗಿದ್ದ ಬೀಜಗಳು ತಾವಾಗಿಯೇ ಮೊಳೆತು ಏಲಕ್ಕಿ ಮಲೆಯಾಗುತ್ತಿದ್ದ ಕಾಲವೊಂದಿತ್ತು. 1870ರಲ್ಲಿ ಅಚ್ಚಾದ ರಿಕ್ಟರ್ ಪಾದ್ರಿಯ ಕೊಡಗಿನ ಕೈಪಿಡಿಯಲ್ಲಿ ಈ ಪದ್ಧತಿಯ ವರ್ಣನೆಯುಂಟು. ಸಾಂಬಾರ ಬೆಳೆಗಳ ಶಾಸ್ತ್ರಗ್ರಂಥಗಳು ಇದನ್ನು ಕೊಡಗಿನ ಪದ್ಧತಿಯೆಂದೇ ಕರೆಯುತ್ತವೆ. ಈಗ ಸಸಿಮಡಿಯಲ್ಲಿ ಬೆಳೆಸಿ ನೆಡುವುದೇ ವಾಡಿಕೆ. ಗಿಡದ ಸ್ವಭಾವವಂತೂ ಬದಲಾಗಿಲ್ಲ. ಅದಕ್ಕೆ ನೆರಳು ಬೇಕು, ತೇವ ಬೇಕು. ವರ್ಷದ ಆರಂಭದಲ್ಲಿ ಬುಡದಿಂದ ಹೂಗೊಂಚಲುಗಳು ಹೊರಡುತ್ತವೆ. ಬೇಸಗೆಯ ಮಳೆ ಬಿದ್ದ ಮೇಲೆ ಹೂ. ಮಳೆಗಾಲದುದ್ದಕ್ಕೂ ಹೂವೂ ಹೀಚೂ ಹೊಸ ಕಂದುಗಳೂ. ಮಳೆ ಹಿಂದೆಗೆದಂತೆ ಕೊಯ್ಲು.

ಪತಂಗದ ವರ್ಷ ಈ ಗಿಡದ ವರ್ಷದೊಡನೆ ಹೆಣೆದುಕೊಂಡಿದೆ. ಅದು ಎಲ್ಲ ಕಾಲದಲ್ಲಿಯೂ ಅಷ್ಟಿಷ್ಟು ಇದ್ದೇ ಇರುತ್ತದೆ. ಆದರೆ ಡಿಸೆಂಬರ್–ಜನವರಿ, ಮಾರ್ಚ್–ಏಪ್ರಿಲ್, ಮೇ–ಜೂನ್, ಸೆಪ್ಟೆಂಬರ್–ಅಕ್ಟೋಬರ್ ಹೀಗೆ ನಾಲ್ಕು ಬಾರಿ ಅದರ ಸಂಖ್ಯೆ ಏರುತ್ತದೆಂದು ಏಲಕ್ಕಿಯನ್ನು ಅಭ್ಯಾಸ ಮಾಡಿದವರು ಗುರುತಿಸಿದ್ದಾರೆ. ಗೊಂಚಲು ಹೊರಡುವ ಸಮಯ, ಕಾಯಿ ಕಟ್ಟುವ ಸಮಯ, ಹೊಸ ಕಂದು ಏಳುವ ಸಮಯ, ಇವುಗಳಿಗೂ ಆ ಏರಿಕೆಗಳಿಗೂ ಹೊಂದಿಕೆಯಿದೆ. ಕೊಡಗಿನ ಪಂಚಾಂಗದಲ್ಲಿ ಹೇಳುವುದಾದರೆ, ಪುತ್ತರಿಯ ಕದಿರು ಮನೆಗೆ ಬಂದು ಚಳಿ ಬಲಿಯುವಾಗ ಒಂದು ತಲೆಮಾರು. ಕಾಫಿಯ ಹೂಮಳೆಯ ಆಸುಪಾಸಿನಲ್ಲಿ ಇನ್ನೊಂದು. ಮುಂಗಾರು ಕಾಲಿಡುವಾಗ ಮತ್ತೊಂದು. ಕೈಲ್ ಪೊಳ್ದ್ ಕಳೆದು ಕಾವೇರಿ ಸಂಕ್ರಮಣ ಬರುವ ಹೊತ್ತಿಗೆ ಮಗುದೊಂದು. ಗೆಳೆಯರ ಜಗುಲಿಗೆ ನಾನು ಕಂಡ ಪತಂಗ ಬಂದದ್ದು ಈ ಕೊನೆಯ ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಹಗಲಿನಲ್ಲಿ ಅದು ಎಲೆಯ ಕೆಳಮೈಗೆ ಅಂಟಿಕೊಂಡು ಕುಳಿತಿರುತ್ತದೆ. ರಾತ್ರಿ ಎದ್ದು ಎಳೆಯ ಸುಳಿ, ಗೊಂಚಲು, ಹೀಚುಗಳ ಮೇಲೆ ಮೊಟ್ಟೆಯಿಡುತ್ತದೆ. ಒಂದು ವಾರದೊಳಗೆ ಮೊಟ್ಟೆಯೊಡೆಯುತ್ತದೆ. ಹೊರಬಂದ ಮರಿಹುಳು ಮೊದಲು ಬಿಚ್ಚದ ಎಲೆಯ ಸುರುಳಿಯನ್ನೋ ಗೊಂಚಲನ್ನೋ ಎಳೆಗಾಯನ್ನೋ ಮೆಲ್ಲುತ್ತದೆ. ಬೆಳೆದಂತೆ ಕಾಂಡದೊಳಕ್ಕೆ ಇಳಿಯುತ್ತದೆ. ಅಲ್ಲಿ ಇಳಿದ ಮೇಲೆ ಅದು ಕೋಟೆಯೊಳಗಿನ ಅರಸು. ಹೊರಗೆ ಕಾಣುವುದು ಒಂದು ರಂಧ್ರ, ರಂಧ್ರದ ಬಾಯಲ್ಲಿ ಹಿಟ್ಟಿನಂಥ ಹಿಕ್ಕೆ, ಆಮೇಲೆ ಒಣಗಿ ನಿಂತ ನಡುಸುಳಿ. ಗೊಂಚಲಿಗೆ ಬಿದ್ದರೆ ಕೊರೆದ ಜಾಗದಿಂದ ಮುಂದಿನ ಭಾಗ ಒಣಗುತ್ತದೆ. ಕಾಯಿಗೆ ಬಿದ್ದರೆ ಒಳಗಿನ ಬೀಜ ಹೋಗಿ ಬರಿಯ ಸಿಪ್ಪೆ ಉಳಿಯುತ್ತದೆ. ಎರಡು ಮೂರು ವಾರ, ಚಳಿಯಲ್ಲಿ ಇನ್ನೂ ಹೆಚ್ಚು, ಹೀಗೆ ತಿಂದು, ಅಲ್ಲಿಯೇ ರೇಷ್ಮೆಯ ತೆಳುಗೂಡು ಕಟ್ಟಿ ಕೋಶವಾಗಿ, ಕೆಲವು ದಿನಗಳ ಮೇಲೆ ಅರಿಶಿನ ಬಳಿದುಕೊಂಡು ಹೊರಗೆ ಬರುತ್ತದೆ. ರೆಕ್ಕೆಯ ಬಾಳು ಕೆಲವೇ ದಿನಗಳದು.

ಈ ವೃತ್ತಾಂತದಲ್ಲಿ ಬೆಳೆಗಾರನಿಗೆ ಉಪಯೋಗವಾದ ಸಂಗತಿ ಯಾವುದು? ರಂಧ್ರವಲ್ಲ, ಒಣಗಿದ ಸುಳಿಯೂ ಅಲ್ಲ. ಅವು ಮುಗಿದ ಕತೆಯ ಗುರುತುಗಳು. ಹುಳು ಕಾಂಡದೊಳಗೆ ಸೇರಿದ ಮೇಲೆ ಹೊರಗೆ ಎಷ್ಟು ಸಿಂಪಡಿಸಿದರೂ ವಿಷ ಅದನ್ನು ಮುಟ್ಟುವುದು ಕಷ್ಟ. ಪತಂಗಗಳು ಹೊರಬಂದ ಹದಿನೈದು ಇಪ್ಪತ್ತು ದಿನಗಳೊಳಗೆ, ಮರಿಗಳು ಇನ್ನೂ ಎಳೆಯವಾಗಿ ಹೊರಗಿರುವಾಗ, ಕ್ರಮ ಕೈಗೊಂಡರೆ ಫಲವುಂಟು ಎಂಬುದು ತಜ್ಞರ ಸಲಹೆ. ಅಂದರೆ ಈ ಯುದ್ಧದ ಗಡಿಯಾರ ತೂಗುಹಾಕಿರುವುದು ಪತಂಗದ ರೆಕ್ಕೆಯ ಮೇಲೆ. ರೆಕ್ಕೆಯನ್ನು ನೋಡದವನಿಗೆ ಗಂಟೆ ತಿಳಿಯುವುದಿಲ್ಲ. ಗಂಟೆ ತಿಳಿಯದವನು ಕ್ಯಾಲೆಂಡರಿನ ತಾರೀಕು ನೋಡಿ ಸಿಂಪಡಿಸುತ್ತಾನೆ, ಅಥವಾ ಪಕ್ಕದ ತೋಟದವನು ಸಿಂಪಡಿಸಿದನೆಂದು ಸಿಂಪಡಿಸುತ್ತಾನೆ, ಅಥವಾ ಸುಳಿ ಒಣಗಿದ ಮೇಲೆ ಸಿಟ್ಟಿನಿಂದ ಸಿಂಪಡಿಸುತ್ತಾನೆ.

ಆ ವಿಷ ಹುಳುವಿಗೆ ತಗಲದಿದ್ದರೂ ಬೇರೆ ಯಾರಿಗಾದರೂ ತಗಲಿಯೇ ತಗಲುತ್ತದೆ. ಏಲಕ್ಕಿಯ ಹೂವನ್ನು ನೋಡಿದವರಿಗೆ ಗೊತ್ತು: ಬಿಳಿಯ ಹೂವು, ಅದರ ತುಟಿಯ ಮೇಲೆ ನೇರಳೆಯ ಗೆರೆಗಳು. ಬೆಳಗಿನ ಜಾವ ಅರಳಿದ ಹೂವಿಗೆ ಆಯುಸ್ಸು ಒಂದೇ ದಿನ. ಅಷ್ಟರೊಳಗೆ ಜೇನುನೊಣ ಬಂದು ಪರಾಗವನ್ನು ಮುಟ್ಟಿಸಬೇಕು, ಬಾರದಿದ್ದರೆ ಕಾಯಿಲ್ಲ. ಏಲಕ್ಕಿಯ ಕಾಯಿ ಕಟ್ಟಿಸುವವರಲ್ಲಿ ತುಡುವೆ ಜೇನೂ ಹೆಜ್ಜೇನೂ ಮುಖ್ಯವಾದವು. ಕೊಡಗಿನ ತುಡುವೆ ಜೇನಿಗೆ ಕಷ್ಟ ಹೊಸದಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ಜೇನುಕುಟುಂಬಗಳನ್ನು ಅಪಾರ ಸಂಖ್ಯೆಯಲ್ಲಿ ಅಳಿಸಿಹಾಕಿತು. ಎಷ್ಟೋ ಮನೆಗಳ ಹಿತ್ತಲಿನಲ್ಲಿ ಪೆಟ್ಟಿಗೆಗಳು ಬರಿದಾದುವು. ರೋಗ ಮಾಡಿದ ಕೆಲಸವನ್ನು ನಾವು ಅಕಾಲದ ವಿಷದಿಂದ ಮುಂದುವರಿಸಬೇಕೆ? ಕೊರಕನ ಮರಿಯ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳೂ ಇವೆ. ಅವಕ್ಕೂ ಆ ವಿಷ ಅಪಾಯವೇ. ಹುಳುವನ್ನು ಉಳಿಸಿ, ಹುಳುವಿನ ಶತ್ರುವನ್ನೂ ಹೂವಿನ ಮಿತ್ರನನ್ನೂ ಕೊಲ್ಲುವುದು ಯಾವ ಲೆಕ್ಕದ ಬೇಸಾಯ? ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಿಂಪಡಿಸುವ ಕೂಲಿಯಾಳಿನ ಉಸಿರನ್ನು ನಾನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಲೈನ್ ಮನೆಯ ಆ ಹುಡುಗಿಯ ತಂದೆ ಅಂಥವರಲ್ಲೊಬ್ಬನಾಗಿದ್ದ.

ಪ್ರಭೇದ ಎರಡೆಂದು ತಿಳಿದದ್ದರಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಒಂದೇ ಎಂದುಕೊಂಡವನು ಹರಳುಗಿಡದ ಹುಳುವನ್ನು ನೋಡಿ ಏಲಕ್ಕಿಗೆ ಹೆದರುತ್ತಾನೆ. ಹರಳಿನ ಹುಳುವಿನ ದಿನಗಣನೆಯನ್ನು ಏಲಕ್ಕಿಯ ಹುಳುವಿಗೆ ಅನ್ವಯಿಸುತ್ತಾನೆ. ಗಂಡು ಪತಂಗವನ್ನು ಹೆಣ್ಣಿನ ವಾಸನೆಯಿಂದ ಸೆಳೆದು ಹಿಡಿಯುವ ಬಲೆಗಳು ಈಗ ಬಳಕೆಯಲ್ಲಿವೆ. ಒಂದು ಪ್ರಭೇದಕ್ಕಾಗಿ ಸಿದ್ಧಪಡಿಸಿದ ವಾಸನೆಗೆ ಇನ್ನೊಂದು ಪ್ರಭೇದ ಬಂದೇ ಬರಬೇಕೆಂಬ ನಿಯಮವಿಲ್ಲ. ಬಲೆ ಬರಿದಾಗಿದ್ದರೆ ತೋಟದಲ್ಲಿ ಹುಳುವಿಲ್ಲವೆಂದು ಬೆಳೆಗಾರ ನಂಬುತ್ತಾನೆ. ತಪ್ಪು ಹೆಸರಿನಿಂದ ಹೀಗೆ ತಪ್ಪು ನೆಮ್ಮದಿಯೂ ಹುಟ್ಟುತ್ತದೆ, ತಪ್ಪು ಭಯವೂ ಹುಟ್ಟುತ್ತದೆ.

ಇದನ್ನೆಲ್ಲ ಆ ರಾತ್ರಿ ಊಟದ ಹೊತ್ತಿನಲ್ಲಿ ನಾನು ಸ್ವಲ್ಪ ಆವೇಶದಿಂದಲೇ ಹೇಳಿರಬೇಕು. ಗೆಳೆಯರು ಸಾವಧಾನವಾಗಿ ಕೇಳಿ ಉತ್ತರಕೊಟ್ಟರು. "ಮೇಷ್ಟ್ರೇ, ನಿಮಗೆ ಪಿಂಚಣಿ ತಿಂಗಳಿಗೊಮ್ಮೆ ಬರುತ್ತದೆ. ನಮಗೆ ಏಲಕ್ಕಿ ವರ್ಷಕ್ಕೊಮ್ಮೆ. ಆಳು ಸಿಕ್ಕುವ ದಿನವೇ ಸಿಂಪಡಿಸಬೇಕು; ಪತಂಗ ಬರುವ ದಿನಕ್ಕೆ ಆಳು ಕಾಯುವುದಿಲ್ಲ. ಕಟ್ಟೆ ರೋಗ ಅರ್ಧ ತೋಟ ತಿಂದಿತು. ಬೆಲೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇಲ್ಲ. ಇದರ ಮೇಲೆ ರಾತ್ರಿ ಕೂತು ಹುಳು ಎಣಿಸುವುದು ಯಾರು?"

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕೊಡಗಿನಲ್ಲಿ ಕಾಫಿಯ ಮುಂದೆ ಏಲಕ್ಕಿ ಹಿಂದೆ ಸರಿದದ್ದಕ್ಕೆ ಇಂಥ ಕಾರಣಗಳೇ ಇವೆ. ಬೆಳೆ ಕಳೆದುಕೊಂಡವನ ಮುಂದೆ ಪತಂಗದ ಸೌಂದರ್ಯವನ್ನು ಹೊಗಳುವುದು ಸಭ್ಯತೆಯಲ್ಲ. ಅವರು ಅದನ್ನು ಕೊಲ್ಲಬಾರದೆಂಬುದು ನನ್ನ ವಾದವೂ ಅಲ್ಲ. ಕೊಲ್ಲುವುದಿದ್ದರೂ ಯಾರನ್ನು, ಯಾವಾಗ, ಎಷ್ಟು ಎಂಬುದನ್ನು ಅರಿತು ಕೊಲ್ಲಬೇಕು. ಆ ಅರಿವು ನೋಟದಿಂದ ಬರಬೇಕೇ ಹೊರತು ಅಂಗಡಿಯವನ ಮಾತಿನಿಂದ ಬರಬಾರದು. ಇಷ್ಟೇ ನನ್ನ ವಾದ. "ಎಣಿಸುವುದು ಯಾರು?" ಎಂಬ ಅವರ ಪ್ರಶ್ನೆಗೆ ಆ ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ, ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೊರಟ ಮಕ್ಕಳ ಸಾಲನ್ನು ನೋಡಿದೆ. ಉತ್ತರ ಅಲ್ಲಿ ನಡೆದುಹೋಗುತ್ತಿತ್ತು.

ಕೊಡಗಿನ ಜನಕ್ಕೆ ನೋಡುವ ಶಕ್ತಿಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಕ್ಕಡದ ಹದಿನೆಂಟನೆಯ ದಿನ ಮದ್ದು ಸೊಪ್ಪಿನ ಪಾಯಸ ಮಾಡುವ ಪದ್ಧತಿಯನ್ನು ನೆನೆದುಕೊಳ್ಳಿ. ಕಾಡಂಚಿನ ಒಂದು ಗಿಡ ಯಾವ ಮಾಸದಲ್ಲಿ ಹದಕ್ಕೆ ಬರುತ್ತದೆ, ಅದರ ಪರಿಮಳ ಯಾವಾಗ ಏರುತ್ತದೆ, ಅದರ ರಸ ಅನ್ನಕ್ಕೆ ಎಂಥ ನೇರಳೆ ಬಣ್ಣ ಕಟ್ಟುತ್ತದೆ ಎಂಬುದನ್ನು ದಿನದ ಲೆಕ್ಕದಲ್ಲಿ ನೆನಪಿಟ್ಟುಕೊಂಡ ಸಮಾಜ ಇದು. ಏಲಕ್ಕಿಯ ವಿಷಯದಲ್ಲಿಯೇ ನೋಡಿ. ಗಿಡವನ್ನು ಹಾಳುಗೆಡಹುವ ಮೊಸಾಯಿಕ್ ರೋಗವನ್ನು ಶಾಸ್ತ್ರಜ್ಞರು ಇಂಗ್ಲಿಷಿನಲ್ಲಿ ಬರೆಯುವಾಗಲೂ ಕಟ್ಟೆ ಎಂದೇ ಬರೆಯುತ್ತಾರೆ. 1990ರ ದಶಕದಲ್ಲಿ ಬೆಳಕಿಗೆ ಬಂದ ಇನ್ನೊಂದು ರೋಗ, ಎಳೆಯ ಕಂದು ಕೊಕ್ಕೆಯಂತೆ ಬಾಗುವುದು, ಜಗತ್ತಿನ ಶಾಸ್ತ್ರಸಾಹಿತ್ಯದಲ್ಲಿ ಕೊಕ್ಕೆಕಂದು ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕನ್ನಡದ ಒಕ್ಕಲಿಗ ಗಿಡವನ್ನು ಎಷ್ಟು ನಿಕಟವಾಗಿ ನೋಡಿದ್ದನೆಂದರೆ ಅವನ ಮಾತೇ ಶಾಸ್ತ್ರದ ಮಾತಾಯಿತು. ಗಿಡವನ್ನು ಹೀಗೆ ಕಂಡ ಕಣ್ಣು ಪತಂಗವನ್ನು ಕಾಣಲಾರದೆ? ಕಾಣಬಲ್ಲುದು. ಅದು ರಾತ್ರಿ ಹಾರುತ್ತದೆ, ಹಗಲು ಎಲೆಯ ಅಡಿಯಲ್ಲಿ ಅಡಗುತ್ತದೆ, ಅಷ್ಟೇ ತೊಡಕು.

ಆದ್ದರಿಂದ ನನ್ನ ಸೂಚನೆ ಬಹಳ ಸಣ್ಣದು. ಏಲಕ್ಕಿ ಬೆಳೆಯುವ ಊರುಗಳ ಪ್ರತಿಯೊಂದು ಶಾಲೆಯಲ್ಲಿಯೂ ಒಂದು ಟಿಪ್ಪಣಿ ಪುಸ್ತಕವಿರಲಿ. ಮಕ್ಕಳು ವಾರಕ್ಕೆ ಎರಡು ದಿನ ಮನೆಯ ಜಗುಲಿಯ ದೀಪದ ಬಳಿ ಕಂಡ ಅರಿಶಿನ ಪತಂಗಗಳನ್ನು ಎಣಿಸಿ ಬರೆಯಲಿ; ಬೆಳಿಗ್ಗೆ ಹಿತ್ತಲಿನ ಹತ್ತು ಬುಡ ಏಲಕ್ಕಿಯ ಎಲೆಗಳನ್ನು ಮಗುಚಿ ನೋಡಿ ಬರೆಯಲಿ. ತಾರೀಕು, ಮಳೆ ಬಂತೋ ಇಲ್ಲವೋ, ಗಿಡದಲ್ಲಿ ಗೊಂಚಲಿತ್ತೋ ಹೂವಿತ್ತೋ ಕಾಯಿತ್ತೋ; ಇಷ್ಟು ಸಾಕು. ಎರಡು ವರ್ಷ ಹೀಗೆ ಬರೆದರೆ ಆ ಊರಿಗೆ ತನ್ನದೇ ಆದ ಒಂದು ಪತಂಗ ಪಂಚಾಂಗ ಸಿದ್ಧವಾಗುತ್ತದೆ. ಸಂಖ್ಯೆ ಏರಿದ ವಾರ ಶಾಲೆಯ ಹಲಗೆಯ ಮೇಲೆ ಬರೆದು ಹಾಕಿದರೆ ಬೆಳೆಗಾರನಿಗೆ ಹದಿನೈದು ದಿನಗಳ ಮುನ್ಸೂಚನೆ ದೊರೆಯುತ್ತದೆ. ಮಡಿಕೇರಿಯ ಬಳಿ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಏಲಕ್ಕಿ ಕೇಂದ್ರವಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಮಕ್ಕಳ ಲೆಕ್ಕವನ್ನು ತಿದ್ದಿ ಅರ್ಥ ಹೇಳುವವರು ದೂರದಲ್ಲಿಲ್ಲ. 2012ರಿಂದೀಚೆಗೆ ಪ್ರತಿ ವರ್ಷ ಜುಲೈ ತಿಂಗಳ ಕೊನೆಯಲ್ಲಿ ಹಲವು ದೇಶಗಳ ಹವ್ಯಾಸಿಗಳು ಪತಂಗ ಸಪ್ತಾಹವನ್ನು ಆಚರಿಸಿ ದೀಪದ ಬಳಿ ಎಣಿಸುತ್ತಾರೆ. ಅದು ನಮಗೆ ಕಕ್ಕಡದ ಜಡಿಮಳೆಯ ಕಾಲ. ಬಿಳಿಯ ಪರದೆ ಕಟ್ಟಿದರೆ ಗಾಳಿ ಹೊತ್ತುಕೊಂಡು ಹೋದೀತು. ನಮ್ಮ ಸಪ್ತಾಹಗಳನ್ನು ನಮ್ಮ ಋತುಗಳಿಂದಲೇ ನಾವು ಗೊತ್ತುಮಾಡಿಕೊಳ್ಳಬೇಕು.

ಇದರಲ್ಲಿ ಸಾಹಿತ್ಯದವರಿಗೇನು ಕೆಲಸವೆಂದು ಈ ಪುಟದ ಓದುಗರು ಕೇಳಬಹುದು. ಕೆಲಸವುಂಟು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದಾಗ, ಗಿಡಮರಗಳ ಶಾಸ್ತ್ರವೂ ಕನ್ನಡದ ಸಾಹಿತ್ಯವೆಂದು ಒಪ್ಪಿದಂತಾಯಿತು. ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕನ್ನಡದ ಮನೆಮಾತಾಗಿಸಿದರು. ಪತಂಗಕ್ಕೆ ಅಂಥ ಭಾಗ್ಯ ಇನ್ನೂ ಬಂದಿಲ್ಲ. ನಮ್ಮಲ್ಲಿ ಹಗಲಿನದೂ ಚಿಟ್ಟೆ, ಎಷ್ಟೋ ವೇಳೆ ರಾತ್ರಿಯದೂ ಚಿಟ್ಟೆ. ಅದಕ್ಕೂ ಸಮಯವಿಲ್ಲದವರಿಗೆ ಎಲ್ಲವೂ ದೀಪದ ಹುಳ. ಹೆಸರಿಲ್ಲದ ವಸ್ತುವನ್ನು ಮಗು ಎರಡನೆಯ ಸಲ ಗುರುತಿಸುವುದು ಹೇಗೆ? ನಾನು ಈ 2018ರ ಪ್ರಭೇದವನ್ನು ಏಲಕ್ಕಿ ಮಲೆಯ ಅರಿಶಿನ ಪತಂಗ ಎಂದು ಕರೆದುಕೊಂಡಿದ್ದೇನೆ. ಕೊಡವ ತಕ್ಕಿನಲ್ಲಿಯೋ ಕನ್ನಡದಲ್ಲಿಯೋ ಇದಕ್ಕಿಂತ ಚೆಲುವಾದ ಹೆಸರು ಯಾರ ಬಾಯಲ್ಲಾದರೂ ಇದ್ದರೆ, ಹುಟ್ಟಿದರೆ, ನನ್ನದನ್ನು ಸಂತೋಷದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದು ಗಾಯದ ಹೆಸರಾಗದಿದ್ದರೆ ಸಾಕು.

ಉಪಾಧ್ಯಾಯ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ತರಗತಿಯಲ್ಲಿ ಯಾವುದಾದರೂ ಮಗು ಎದ್ದು ನಿಂತು, ಪುಸ್ತಕದಲ್ಲಿ ಹೀಗಿದೆ, ಆದರೆ ನಮ್ಮ ಹಿತ್ತಲಿನಲ್ಲಿ ಹಾಗಿಲ್ಲ ಎಂದರೆ, ದಯವಿಟ್ಟು ಕೂರಿಸಬೇಡಿ. ಮರುದಿನ ಆ ಹಿತ್ತಲಿಗೆ ಹೋಗಿ. ಪುಸ್ತಕವೇ ಸರಿಯೆಂದು ತೋರಿದರೂ ನಷ್ಟವಿಲ್ಲ. ಮಗು ನೋಡಲು ಕಲಿತಿರುತ್ತದೆ, ನೀವು ಒಂದು ಬೆಳಗನ್ನು ಹೊರಗೆ ಕಳೆದಿರುತ್ತೀರಿ. ನಾನು ಹೋಗಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ, ಆಕೆಯ ಮಕ್ಕಳೂ ಯಾವುದೋ ಶಾಲೆಯ ಬೆಂಚಿನ ಮೇಲಿರಬಹುದು. ಹಿತ್ತಲಿನಲ್ಲಿ ಆಕೆ ಕಂಡದ್ದು ಕೇಳತಕ್ಕ ಪ್ರಶ್ನೆಯೇ ಆಗಿತ್ತೆಂದು ಹೇಳಬೇಕಾದವನು ನಾನು, ಹೇಳುವುದಕ್ಕೆ ವಿಳಾಸವಿಲ್ಲ. ಆದ್ದರಿಂದ ಈ ಪುಟದಲ್ಲಿ ಬರೆದಿದ್ದೇನೆ.

ಗೆಳೆಯರು ಆ ರಾತ್ರಿ ಸುರುಳಿ ಸುತ್ತಿದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ದೀಪ ಆರಿಸಿದ್ದರು. ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಪತಂಗವಿರಲಿಲ್ಲ. ಕಾಫಿ ಕುಡಿಯುತ್ತ ಅವರು ತಂಗಿಯ ಮಗನನ್ನು ಕೇಳಿದರು: "ಅದು ನಿನ್ನೆ ಬಂತಲ್ಲವಾ, ಹಾಗಾದರೆ ಹದಿನೈದು ದಿನ ಎಂದರೆ ಯಾವ ತಾರೀಕಾಯಿತು?" ಹುಡುಗ ಗೋಡೆಯ ಕ್ಯಾಲೆಂಡರಿನ ಬಳಿಗೆ ಹೋಗಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟ.